ಆತ್ಮರಕ್ಷಣೆಯ ತರಬೇತಿ ಕೊಡುತ್ತಿದ್ದೇವೆ, ಆದರೆ ಲೈಂಗಿಕ ದೌರ್ಜನ್ಯ ನಡೆದುಹೋದ ಮೇಲೆ ಮೊದಲ ಮೂರು ದಿನ ಏನು ಮಾಡಬೇಕೆಂದು ಯಾರು ಹೇಳಿಕೊಡುತ್ತಾರೆ?

ಉಪನ್ಯಾಸಕಿ, ಧಾರವಾಡ:

ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಓದಲೆಂದು ಬಂದ ಹೆಣ್ಣುಮಕ್ಕಳು ಸಪ್ತಾಪುರದ ಸುತ್ತಮುತ್ತಲಿನ ಪಿ.ಜಿ.ಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಇದ್ದುಕೊಂಡು ಪದವಿಗೋ ಸ್ಪರ್ಧಾತ್ಮಕ ಪರೀಕ್ಷೆಗೋ ತಯಾರಾಗುವುದು ನಮ್ಮ ಊರಿನ ಎಲ್ಲರಿಗೂ ಗೊತ್ತಿರುವ ಸಂಗತಿ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹುಬ್ಬಳ್ಳಿ-ಧಾರವಾಡದ ನಡುವೆ, ಊರಿಗೂ ಕಾಲೇಜಿಗೂ ನಡುವೆ ಅವರ ಓಡಾಟ ಇನ್ನಷ್ಟು ಸಲೀಸಾಗಿದೆ, ಮತ್ತು ಅದು ಆಗಬೇಕಾದದ್ದೇ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದ ಬಳಿಕ ಪಾಲಕರ ಆತಂಕ ಹೆಚ್ಚಿದ್ದು ಸಹಜ. ಕಾಲೇಜುಗಳು ಕರಾಟೆ ತರಗತಿ ಏರ್ಪಡಿಸುತ್ತಿರುವುದೂ ಸರಿಯಾದ ಕೆಲಸವೇ.

ನಮ್ಮಲ್ಲಿ ನಡೆದ ಅಂಥದೊಂದು ತರಬೇತಿ ಮುಗಿದ ಮೇಲೆ ಬಿ.ಎ. ಓದುವ ಹುಡುಗಿಯೊಬ್ಬಳು ಎದ್ದು ನಿಂತು, "ಕೈ ಬಿಡಿಸಿಕೊಳ್ಳೋದು ಕಲಿಸಿದ್ರಿ ಮೇಡಂ, ಬಿಡಿಸಿಕೊಳ್ಳಾಕ ಆಗಲಿಲ್ಲ ಅಂದ್ರ ಮುಂದ ಏನ್ ಮಾಡಬೇಕ್ರಿ?" ಎಂದು ಕೇಳಿದಳು. ತರಬೇತಿ ನೀಡಲು ಬಂದವರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಆಸ್ಪತ್ರೆ, ಠಾಣೆ, ನ್ಯಾಯಾಲಯದ ಕೆಲಸ ಬಲ್ಲವರು ಈ ಪ್ರಶ್ನೆಗೆ ಇಲ್ಲಿ ಉತ್ತರಿಸಬೇಕೆಂದು ಕೋರುತ್ತೇನೆ. ಒಂದೇ ವಿನಂತಿ: ತಮಗೆ ಗೊತ್ತಿರುವ ಪ್ರಕರಣಗಳ ಬಗ್ಗೆ ಬರೆಯುವಾಗ ಹೆಸರು, ಊರು, ಕಾಲೇಜು ಯಾವುದನ್ನೂ ಸೂಚಿಸಬೇಡಿ. ನೊಂದವರ ಗುರುತನ್ನು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ.

ಶುಶ್ರೂಷಕಿ, ಹುಬ್ಬಳ್ಳಿ:

ನಾನು ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಬಹಳ ವರ್ಷ ದುಡಿದವಳು. ಆ ವಿದ್ಯಾರ್ಥಿನಿಗೆ ಮೊದಲು ತಿಳಿಯಬೇಕಾದದ್ದು ಏನೆಂದರೆ, ಆಸ್ಪತ್ರೆಗೆ ಬರಲು ಪೊಲೀಸರ ಪತ್ರವೂ ಬೇಕಿಲ್ಲ, ಎಫ್‌ಐಆರ್ ಆಗಿರಬೇಕೆಂದೂ ಇಲ್ಲ. ಸರ್ಕಾರಿಯಿರಲಿ ಖಾಸಗಿಯಿರಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಯಾವುದೇ ಆಸ್ಪತ್ರೆ ತಕ್ಷಣ ಉಚಿತವಾಗಿ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ನೆರವು ನೀಡಲೇಬೇಕು. ನಿರಾಕರಿಸಿದರೆ ಹೊಣೆಗಾರರಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. "ಮೊದಲ ಸ್ಟೇಶನ್ನಿಗೆ ಹೋಗಿ ಬರ್ರಿ" ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಅಲ್ಲಿಂದ ಕದಲದೆ ವೈದ್ಯಾಧಿಕಾರಿಯನ್ನೇ ಕೇಳಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ಔಷಧಗಳಿಗೆ ಗಡಿಯಾರ ಓಡುತ್ತಲೇ ಇರುತ್ತದೆ. ಎಚ್‌ಐವಿ ಸೋಂಕು ತಗುಲದಂತೆ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಆರಂಭಿಸಬೇಕು, ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು, ಆಮೇಲೆ 28 ದಿನ ಬಿಡದೆ ನುಂಗಬೇಕು. ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ ಮೂರು ದಿನದೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಐದನೆಯ ದಿನದವರೆಗೂ ಕೊಡುವುದುಂಟು, ಆದರೆ ತಡವಾದಷ್ಟೂ ಅದರ ಬಲ ಕುಗ್ಗುತ್ತದೆ. ಹೆಪಟೈಟಿಸ್-ಬಿ ಲಸಿಕೆ, ಲೈಂಗಿಕ ಸೋಂಕುಗಳಿಗೆ ಔಷಧ, ಗಾಯಗಳಿದ್ದರೆ ಧನುರ್ವಾಯು ಚುಚ್ಚುಮದ್ದು ಇವೂ ಅದೇ ಭೇಟಿಯಲ್ಲಿ ಆಗಬೇಕಾದವು. ಯಾವುದೋ ಪಾನೀಯ ಕುಡಿದ ಬಳಿಕ ಏನಾಯಿತೆಂದು ನೆನಪಿಲ್ಲ ಎನ್ನುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಮತ್ತು ಬರಿಸುವ ವಸ್ತು ಮೂತ್ರ ಮತ್ತು ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ.

ಸಾಕ್ಷ್ಯದ ಮಾತಿಗೆ ಬಂದರೆ, ಸ್ನಾನ ಮಾಡದೆ, ಬಟ್ಟೆ ಬದಲಿಸದೆ ಬರುವುದು ಉತ್ತಮವೆಂದು ಎಲ್ಲ ಕಡೆ ಬರೆದಿರುತ್ತಾರೆ. ಆದರೆ ನಮ್ಮ ಕಡೆ ಮಗಳು ಅಳುತ್ತ ಮನೆಗೆ ಬಂದರೆ ತಾಯಿ ಮಾಡುವ ಮೊದಲ ಕೆಲಸವೇ ತಲೆಯ ಮೇಲೆ ನಾಲ್ಕು ತಂಬಿಗೆ ನೀರು ಸುರಿದು, ಉಟ್ಟ ಬಟ್ಟೆಯನ್ನು ಒಗೆಯಲು ಹಾಕುವುದು. ಅಂಥ ತಾಯಂದಿರು ವಾರ್ಡಿನ ಬಾಗಿಲಿನಲ್ಲಿ ನಿಂತು, ಡಾಕ್ಟರು ಬೈಯುತ್ತಾರೇನೋ ಎಂದು ಸೆರಗಿನ ತುದಿಯನ್ನು ಹಿಂಡುತ್ತಿರುವುದನ್ನು ಕಂಡಿದ್ದೇನೆ. ಅವರಿಗೆಲ್ಲ ನನ್ನ ಮಾತು ಒಂದೇ: ಸ್ನಾನ ಆಗಿದ್ದರೂ ಬನ್ನಿ, ಎರಡು ದಿನ ಕಳೆದಿದ್ದರೂ ಬನ್ನಿ. ದೇಹದಿಂದ ಮಾದರಿಗಳನ್ನು ನಾಲ್ಕು ದಿನ, ಅಂದರೆ 96 ಗಂಟೆಯವರೆಗೂ ಸಂಗ್ರಹಿಸುತ್ತಾರೆ. ಅದೂ ದಾಟಿದ್ದರೆ ಗಾಯದ ಗುರುತು, ಆಕೆ ಹೇಳಿದ ವಿವರ, ಆಗಿನ ಮನಃಸ್ಥಿತಿ ಎಲ್ಲವನ್ನೂ ದಾಖಲಿಸುತ್ತಾರೆ, ಅವೂ ಸಾಕ್ಷ್ಯವೇ. ಬಟ್ಟೆ ಬದಲಿಸಿದ್ದರೆ ಒಗೆಯದೆ, ಹಸಿಯಿದ್ದರೆ ನೆರಳಿನಲ್ಲಿ ಆರಿಸಿ, ಕಾಗದದ ಚೀಲದಲ್ಲಿ ಇಟ್ಟು ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೆ ಬೆವೆತು ಬೂಸಲು ಹಿಡಿದು ಇದ್ದ ಕುರುಹೂ ಹಾಳಾಗುತ್ತದೆ.

ತಪಾಸಣೆಯ ಭಯವೂ ದೊಡ್ಡದು. ಆಕೆಯ ಒಪ್ಪಿಗೆಯಿಲ್ಲದೆ ತಪಾಸಣೆ ಮಾಡುವಂತಿಲ್ಲ. ಚಿಕಿತ್ಸೆಗೆ ಒಪ್ಪಿ, ಮಾದರಿ ಸಂಗ್ರಹಕ್ಕೆ ಒಪ್ಪದಿರಲು ಆಕೆಗೆ ಹಕ್ಕಿದೆ, ಒಪ್ಪಲಿಲ್ಲವೆಂದು ಚಿಕಿತ್ಸೆಯನ್ನು ತಡೆಯುವಂತಿಲ್ಲ. ಮಹಿಳಾ ವೈದ್ಯರು ಸಿಗದಿದ್ದರೆ ಪುರುಷ ವೈದ್ಯರು ತಪಾಸಣೆ ಮಾಡುವಾಗ ಮಹಿಳೆಯೊಬ್ಬರು ಜೊತೆಗಿರಬೇಕು. ಹಿಂದೆ ನಡೆಯುತ್ತಿದ್ದ 'ಎರಡು ಬೆರಳಿನ ಪರೀಕ್ಷೆ'ಯು ಹೆಣ್ಣಿನ ಘನತೆಗೆ ಧಕ್ಕೆ ತರುವಂಥದ್ದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 2022ರ ಅಕ್ಟೋಬರ್ 31ರ ತೀರ್ಪಿನಲ್ಲಿ, ಆ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆಂದೂ ಹೇಳಿದೆ.

ಒಬ್ಬ ತಂದೆ, ಬೆಟಗೇರಿ:

ಮೇಲೆ ಬರೆದ ಇಬ್ಬರೂ ಅಕ್ಕಾವರ ಬಗ್ಗೆ ನನಗೆ ಗೌರವವಿದೆ. ನಾನು ಇಬ್ಬರು ಹೆಣ್ಣುಮಕ್ಕಳ ತಂದೆ, ಹಿರಿಯವಳು ಈ ವರ್ಷ ಧಾರವಾಡಕ್ಕೆ ಹೋಗಿದ್ದಾಳೆ. ಕಾಯ್ದೆಯ ಮಾತು ಓದಲು ಚೆನ್ನಾಗಿದೆ, ಆದರೆ ನಾವು ಬದುಕುವುದು ಓಣಿಯಲ್ಲಿ. ಠಾಣೆಗೆ ಒಮ್ಮೆ ಹೋದರೆ ನಾಳೆ ಮುಂಜಾನೆ ಇಡೀ ಓಣಿಗೆ ಗೊತ್ತಾಗುತ್ತದೆ, ಕೇಸು ವರ್ಷಗಟ್ಟಲೆ ನಡೆಯುತ್ತದೆ, ತಂಗಿಯ ಮದುವೆಯೂ ನಿಂತುಹೋಗುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ "ಮಂದಿ ಏನಂದಾರು, ಹೊರಗ ಹೇಳಬ್ಯಾಡ" ಎಂದು ಮುಚ್ಚಿಡುತ್ತಾರೆ. ಹೊತ್ತು ಮುಳುಗಿದ ಮೇಲೆ ಹೊರಗೆ ಹೋಗಬೇಡ ಎನ್ನುವುದು ಮಗಳ ಮೇಲಿನ ಸಿಟ್ಟಿನಿಂದಲ್ಲ, ನಮಗೆ ಬೇರೆ ದಾರಿ ಕಾಣುವುದಿಲ್ಲ. ದಾರಿ ಇದ್ದರೆ ತಿಳಿದವರು ಹೇಳಬೇಕು.

ವಕೀಲೆ, ಧಾರವಾಡ:

ತಮ್ಮ ಮಾತಿನಲ್ಲಿ ಕಾಳಜಿಯಿದೆ ಸರ್, ಆದ್ದರಿಂದ ಒಂದೊಂದಾಗಿ ಉತ್ತರಿಸುತ್ತೇನೆ.

ಹೊತ್ತು ಮುಳುಗುವುದರೊಳಗೆ ಮನೆ ಸೇರಿದರೆ ಕಾಪಾಡಿದಂತಾಯಿತು ಎಂಬ ನಂಬಿಕೆಗೆ ಅಂಕಿಅಂಶಗಳ ಬೆಂಬಲವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳಲ್ಲಿ ವರ್ಷವರ್ಷವೂ ಅತ್ಯಾಚಾರ ಪ್ರಕರಣಗಳ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಆಕೆಗೆ ಗೊತ್ತಿರುವವನೇ: ಬಂಧು, ನೆರೆಯವ, ಸ್ನೇಹಿತ, ಕೆಲಸ ಕೊಡುವವ, ಮದುವೆಯಾಗುವುದಾಗಿ ನಂಬಿಸಿದವ. ಮಗಳನ್ನು ಕತ್ತಲೆಯಿಂದ ದೂರವಿಟ್ಟರೂ ಅವನು ಹಗಲಿನಲ್ಲೇ ಮನೆಯ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿರಬಹುದು. ಅದಕ್ಕಿಂತ, "ಯಾರೇ ಇರಲಿ, ಎಷ್ಟೇ ಹೊತ್ತಿರಲಿ, ನನಗೆ ಹೇಳು, ನಾನು ನಿನ್ನನ್ನು ಬೈಯುವುದಿಲ್ಲ" ಎಂದು ತಂದೆಯೇ ಮೊದಲು ಹೇಳಿರುವುದು ಮಗಳಿಗೆ ದೊಡ್ಡ ಬಲ.

ಠಾಣೆಗೆ ಸಂಬಂಧಿಸಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 173ನೇ ಕಲಮಿನಂತೆ ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಇದನ್ನೇ 'ಜೀರೊ ಎಫ್‌ಐಆರ್' ಎನ್ನುತ್ತಾರೆ. ಅಣ್ಣಿಗೇರಿಯ ಹತ್ತಿರ ನಡೆದ ಘಟನೆಗೆ ಗದಗದ ಠಾಣೆಯಲ್ಲಿ ದೂರು ಕೊಟ್ಟರೆ "ಇದು ನಮ್ಮ ಹದ್ದಿಗೆ ಬರುವುದಿಲ್ಲ" ಎಂದು ವಾಪಸು ಕಳಿಸುವಂತಿಲ್ಲ. ಆಕೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಬರೆದದ್ದನ್ನು ಓದಿಸಿ ಕೇಳಿ, ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸವಿದ್ದರೆ ತಿದ್ದಿಸಿ, ಆಮೇಲೆ ಸಹಿ ಮಾಡಬೇಕು. ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಬೇಕು. ಠಾಣೆಯವರು ದಾಖಲಿಸಿಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಇಂಥ ದೂರನ್ನು ದಾಖಲಿಸಿಕೊಳ್ಳದ ಅಧಿಕಾರಿಗೆ ಕನಿಷ್ಠ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸೆರೆವಾಸವಿದೆ.

ಓಣಿಗೆ ಗೊತ್ತಾಗುವ ವಿಷಯ. ಅತ್ಯಾಚಾರದ ವಿಚಾರಣೆ ಮುಚ್ಚಿದ ಕೊಠಡಿಯಲ್ಲೇ ನಡೆಯುತ್ತದೆ, ಪತ್ರಿಕೆಗಳು ಹೆಸರು ಹಾಕುವಂತಿಲ್ಲ. ಹೀಗಿದ್ದರೂ ಸುದ್ದಿ ಹರಡುವುದು ಹೆಚ್ಚಾಗಿ ನಮ್ಮವರ ಬಾಯಿಂದ, ವಾಟ್ಸ್‌ಆ್ಯಪ್ ಗುಂಪುಗಳಿಂದ. ಠಾಣೆಗೆ ಜೊತೆಯಲ್ಲಿ ಹತ್ತು ಜನ ಹಿರಿಯರನ್ನು ಕರೆದೊಯ್ಯಬೇಡಿ, ಆಕೆ ನಂಬುವ ಒಬ್ಬರು ಸಾಕು. ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ ಎಲ್ಲ ಮಹಿಳೆಯರಿಗೂ ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದ ಪ್ರಾಧಿಕಾರದಲ್ಲಿ ವಿಚಾರಿಸಬಹುದು, 15100ಕ್ಕೂ ಕರೆ ಮಾಡಬಹುದು.

ಆಶಾ ಕಾರ್ಯಕರ್ತೆ, ಹಿರೇಕೆರೂರು ತಾಲ್ಲೂಕು:

ಹಳ್ಳಿಯಲ್ಲಿ ಇಂಥ ಸುದ್ದಿ ಮೊದಲು ತಲುಪುವುದು ಪೊಲೀಸರಿಗಲ್ಲ, ವೈದ್ಯರಿಗೂ ಅಲ್ಲ. ಅವ್ವ, ದೊಡ್ಡಮ್ಮ, ಗೆಳತಿ, ಅಂಗನವಾಡಿ ಅಕ್ಕೋರು, ಇಲ್ಲವೇ ನಮ್ಮಂಥವರು. ಆ ಮೊದಲ ಐದು ನಿಮಿಷದಲ್ಲಿ ಕೇಳಿಸಿಕೊಂಡವರು ಏನು ಅನ್ನುತ್ತಾರೋ ಅದರ ಮೇಲೆ ಆಕೆ ಮುಂದೆ ಬಾಯಿ ಬಿಡುತ್ತಾಳೋ ಇಲ್ಲವೋ ಎಂಬುದು ನಿಂತಿದೆ. "ಅಷ್ಟೊತ್ತನ್ಯಾಗ ಅಲ್ಲಿಗ್ಯಾಕ ಹೋಗಿದ್ದಿ?" ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ನೀ ಹೇಳಿದ್ದು ಚಲೋ ಆತು, ನಿನ್ನ ತಪ್ಪಿಲ್ಲ, ನಾ ಇದ್ದೀನಿ" ಎಂದರೆ ಆಕೆ ಉಸಿರು ಬಿಡುತ್ತಾಳೆ. ವಿವರವನ್ನು ಕೆದಕಿ ಕೇಳುವುದು ನಮ್ಮ ಕೆಲಸವಲ್ಲ, ಅದನ್ನು ವೈದ್ಯರೂ ಪೊಲೀಸರೂ ಕೇಳುತ್ತಾರೆ. ರಕ್ತಸ್ರಾವವಿದೆಯೇ, ಎಲ್ಲಿಯಾದರೂ ನೋವಿದೆಯೇ, ಅವನು ಮತ್ತೆ ಬರುವ ಹೆದರಿಕೆ ಇದೆಯೇ ಎಂಬುದನ್ನಷ್ಟೇ ನಾವು ತಿಳಿದುಕೊಳ್ಳಬೇಕು.

ಇನ್ನೊಂದು ಸಂಗತಿಯನ್ನು ನೋವಿನಿಂದ ಹೇಳುತ್ತೇನೆ. ದೂರು ಕೊಡುವುದಕ್ಕೆ ಮೊದಲೇ ಹಿರಿಯರು ಕೂಡಿ ರಾಜಿ ಮಾಡಿಸುವ, ದಂಡ ಹಾಕಿ ಬಾಯಿ ಮುಚ್ಚಿಸುವ, ಕೊನೆಗೆ ಅವನಿಗೇ ಮದುವೆ ಮಾಡಿಕೊಡುವ ಮಾತು ಈಗಲೂ ಬರುತ್ತದೆ. ಹುಡುಗಿಗೆ ಹದಿನೆಂಟು ತುಂಬಿರದಿದ್ದರಂತೂ ಇದು ಎರಡು ಪಟ್ಟು ತಪ್ಪು. 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಮೇಲೆ ದೌರ್ಜನ್ಯವಾಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ ಇದೆ. ಇಂಥ ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದಲ್ಲೋ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದವರು, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ಮಕ್ಕಳ ಸಹಾಯವಾಣಿ 1098 ಎಂಬುದು ಶಾಲೆಯ ಗೋಡೆಯ ಮೇಲೆ ಇದ್ದೇ ಇರುತ್ತದೆ, ಅದನ್ನು ಮಕ್ಕಳಿಗೆ ಓದಿಸುವವರು ಕಡಿಮೆ.

ಹಾಗೆಯೇ ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳಲ್ಲಿ ತೊಟ್ಟು ಬಿಡಿಸಲು ಹೋಗುವ, ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳಿಗೆ ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ನಾವು ಮರೆಯಬಾರದು. ಅವರಿಗೆ ಕೆಲಸ ಕೊಡುವವನೂ, ಗಾಡಿಯಲ್ಲಿ ಕರೆದೊಯ್ಯುವವನೂ, ಸಂಜೆ ಕೂಲಿ ಎಣಿಸುವವನೂ ಒಬ್ಬನೇ ಆಗಿರುತ್ತಾನೆ.

ವಕೀಲೆ, ಧಾರವಾಡ:

ಅಕ್ಕಾವರು ಕೂಲಿಕಾರರ ಮಾತೆತ್ತಿದ್ದು ಒಳ್ಳೆಯದಾಯಿತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದ 2013ರ ಕಾಯ್ದೆ ಕಚೇರಿಯಲ್ಲಿ ಕುಳಿತವರಿಗಷ್ಟೇ ಇರುವುದೆಂದು ಬಹಳ ಜನ ತಿಳಿದಿದ್ದಾರೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ, ಅಥವಾ ಮಾಲೀಕನ ವಿರುದ್ಧವೇ ದೂರಿದ್ದಲ್ಲಿ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಕೂಲಿಯವರಿಗೂ ಮನೆಗೆಲಸದವರಿಗೂ ಅದು ಅನ್ವಯಿಸುತ್ತದೆ. ಬರೆಯಲು ಬಾರದವರಿಗೆ ದೂರು ಬರೆದುಕೊಡುವುದು ಸಮಿತಿಯ ಹೊಣೆ.

ರಾಜಿಯ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಅತ್ಯಾಚಾರ ರಾಜಿಗೆ ಬರುವ ಅಪರಾಧವಲ್ಲ. ಇಂಥ ಪ್ರಕರಣದಲ್ಲಿ ಯಾವ ಸಂದರ್ಭದಲ್ಲಿಯೂ ರಾಜಿಯ ವಿಚಾರ ಸಲ್ಲದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. 2021ರ ಮಾರ್ಚ್‌ನಲ್ಲಿ, ಆರೋಪಿಯು ಸಂತ್ರಸ್ತೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಜಾಮೀನಿನ ಷರತ್ತನ್ನು ರದ್ದುಪಡಿಸಿ, ನ್ಯಾಯಾಲಯಗಳೂ ರಾಜಿ ಅಥವಾ ಮದುವೆಯ ಸಲಹೆ ಕೊಡಬಾರದೆಂದಿದೆ. ನ್ಯಾಯಾಲಯಕ್ಕೇ ಇಲ್ಲದ ಅಧಿಕಾರ ಊರ ಕಟ್ಟೆಗೆ ಎಲ್ಲಿಂದ ಬಂತು?

ಇನ್ನು, ಮೊದಲ ದಿನವೇ ಎಲ್ಲವನ್ನೂ ಹೇಳಲಿಲ್ಲವೆಂದು ಆಕೆಯ ಮೇಲೆ ಸಂಶಯಪಡುವವರು ನಮ್ಮ ಜಿಲ್ಲೆಗಳ ಉದಾಹರಣೆಯನ್ನೇ ನೋಡಬಹುದು. 2024ರ ಜನವರಿಯ ಹಾನಗಲ್ ಪ್ರಕರಣದಲ್ಲಿ ಮೊದಲು ಹೊರಗೆ ಬಂದದ್ದು ಗುಂಪೊಂದು ವಸತಿಗೃಹಕ್ಕೆ ನುಗ್ಗಿ ಮಹಿಳೆಯೊಬ್ಬರ ಮೇಲೆ ಹಲ್ಲೆ ಮಾಡಿದ ವಿಡಿಯೊ. ಸಾಮೂಹಿಕ ಅತ್ಯಾಚಾರದ ಆರೋಪ ಸೇರಿದ್ದು ಕೆಲವು ದಿನಗಳ ಬಳಿಕ, ಆ ಮಹಿಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ ಮೇಲೆ. ಠಾಣೆಯ ಗದ್ದಲದಲ್ಲಿ ಹೊರಡದ ಮಾತು ನ್ಯಾಯಾಧೀಶರ ಕೊಠಡಿಯಲ್ಲಿ ಹೊರಡುವುದುಂಟು, ಅದಕ್ಕಾಗಿಯೇ ಆ ವ್ಯವಸ್ಥೆ ಇದೆ. ಅದೇ ಪ್ರಕರಣದ ಕೆಲವು ಆರೋಪಿಗಳು 2025ರ ಮೇ ತಿಂಗಳಲ್ಲಿ ಜಾಮೀನಿನ ಮೇಲೆ ಹೊರಬಂದಾಗ ಅಕ್ಕಿಆಲೂರಿನಲ್ಲಿ ಮೆರವಣಿಗೆ ನಡೆದದ್ದನ್ನು ನಾವೆಲ್ಲ ಕಂಡೆವು. ಆರೋಪ ಸಾಬೀತಾಗುವುದು, ಬಿಡುವುದು ನ್ಯಾಯಾಲಯದಲ್ಲಿ ಆಗಬೇಕಾದದ್ದು. ಆದರೆ ಆ ವಾದ್ಯದ ಸದ್ದು ಸುತ್ತಲಿನ ಊರುಗಳಲ್ಲಿ ದೂರು ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ ಎಷ್ಟು ಹೆಣ್ಣುಮಕ್ಕಳ ಬಾಯಿ ಕಟ್ಟಿರಬಹುದೆಂದು ನೆನೆದರೆ ನನಗೆ ಸಂಕಟವಾಗುತ್ತದೆ. ಬೆದರಿಕೆ ಇದ್ದವರಿಗೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಲು ಅವಕಾಶವಿದೆ. ಆರೋಪಿಯ ಜಾಮೀನನ್ನು ವಿರೋಧಿಸಿ ತನ್ನ ಮಾತು ಹೇಳುವ ಹಕ್ಕು ಸಂತ್ರಸ್ತೆಗೂ ಇದೆಯೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ.

ವಿದ್ಯಾರ್ಥಿ, ಧಾರವಾಡ:

ಹಿರಿಯರಲ್ಲಿ ಒಂದು ಪ್ರಶ್ನೆ. ಹುಡುಗರ ಮೇಲೆ ಇಂಥದ್ದು ನಡೆದರೆ ಏನು ದಾರಿ? ಹಾಸ್ಟೆಲಿನಲ್ಲಿ ಹಿರಿಯ ವಿದ್ಯಾರ್ಥಿಗಳಿಂದ ಹಾಗೆ ಅನುಭವಿಸಿದ ಗೆಳೆಯನೊಬ್ಬ ನನಗಷ್ಟೇ ಹೇಳಿದ್ದಾನೆ. ಜನ ನಗುತ್ತಾರೆಂದು ಅವನಿಗೆ ಭಯ.

ವಕೀಲೆ, ಧಾರವಾಡ:

ನಿಮಗೆ ಹೇಳಿದ್ದಾನೆಂದರೆ ನಿಮ್ಮ ಮೇಲೆ ಅವನಿಗೆ ನಂಬಿಕೆಯಿದೆ ತಮ್ಮಾ, ಅದನ್ನು ಉಳಿಸಿಕೊಳ್ಳಿ. ಘಟನೆ ನಡೆದಾಗ ಅವನಿಗೆ ಹದಿನೆಂಟು ತುಂಬಿರದಿದ್ದರೆ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಎಂಬ ಭೇದವಿಲ್ಲದೆ ಅನ್ವಯಿಸುತ್ತದೆ. ತುಂಬಿದ್ದರೆ ಕಾನೂನಿನಲ್ಲಿ ದೊಡ್ಡ ಕೊರತೆಯಿದೆ: ಅತ್ಯಾಚಾರದ ಕಲಮು ಹೆಣ್ಣಿಗಷ್ಟೇ ಸೀಮಿತ, ಗಂಡಸರ ಮೇಲಿನ ಇಂಥ ಕೃತ್ಯಕ್ಕೂ ಅನ್ವಯಿಸುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಮು ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಹಲ್ಲೆ, ಗಾಯ, ಅಕ್ರಮ ಬಂಧನ, ಬೆದರಿಕೆ, ರ್‍ಯಾಗಿಂಗ್ ಆರೋಪಗಳಡಿ ದೂರು ಕೊಡಬಹುದು. ಈ ಕೊರತೆಯನ್ನು ಸಂಸತ್ತು ತುಂಬಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಚಿಕಿತ್ಸೆಗೆ ಈ ಯಾವ ತೊಡಕೂ ಇಲ್ಲ. ಶುಶ್ರೂಷಕಿಯವರು ಹೇಳಿದ 72 ಗಂಟೆಯ ಮಾತು ಅವನಿಗೂ ಅಷ್ಟೇ ಅನ್ವಯಿಸುತ್ತದೆ.

ಆಪ್ತಸಮಾಲೋಚಕಿ, ಹುಬ್ಬಳ್ಳಿ:

ಕರಾಟೆ ತರಗತಿಯ ಪ್ರಸ್ತಾಪ ಬಂದಿದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಆಕ್ರಮಣದ ಹೊತ್ತಿನಲ್ಲಿ ಅನೇಕರಿಗೆ ಕೈಕಾಲು ಸೆಟೆದು, ದನಿಯೇ ಹೊರಡದಂತಾಗುತ್ತದೆ. ಇದು ದೇಹ ತಾನಾಗಿ ತೋರುವ ಭಯದ ಪ್ರತಿಕ್ರಿಯೆ, ಧೈರ್ಯದ ಕೊರತೆಯಲ್ಲ. ತರಬೇತಿ ಪಡೆದವರಿಗೂ ಹೀಗಾಗಬಹುದು, ಆಮೇಲೆ ಅವರು "ಕಲಿತಿದ್ದರೂ ಯಾಕೆ ಒದೆಯಲಿಲ್ಲ" ಎಂದು ತಮ್ಮನ್ನೇ ಶಪಿಸಿಕೊಳ್ಳುತ್ತಾರೆ. ತರಬೇತಿಯ ಮೊದಲ ದಿನವೇ ಇದನ್ನು ಹೇಳಿಬಿಟ್ಟರೆ ಎಷ್ಟೋ ಜನರ ಭಾರ ಇಳಿಯುತ್ತದೆ. ದೈಹಿಕವಾಗಿ ಪ್ರತಿರೋಧ ತೋರಲಿಲ್ಲ ಎಂಬುದೊಂದರಿಂದಲೇ ಸಮ್ಮತಿಯಿತ್ತೆಂದು ಭಾವಿಸುವಂತಿಲ್ಲ ಎಂದು ಕಾನೂನೂ ಹೇಳುತ್ತದೆ.

ಮುಂದಿನ ವಾರಗಳಲ್ಲಿ ನಿದ್ದೆ ಬಾರದಿರುವುದು, ಬೆಚ್ಚಿ ಏಳುವುದು, ಊಟ ಸೇರದಿರುವುದು, ಯಾವುದೋ ವಾಸನೆಗೆ ಎದೆ ಹೊಡೆದುಕೊಳ್ಳುವುದು, ಕೆಲವೊಮ್ಮೆ ಏನೂ ಆಗದವರಂತೆ ನಕ್ಕು ಮಾತಾಡುವುದು, ಇವೆಲ್ಲ ಸಾಮಾನ್ಯ. ನಗುತ್ತಿದ್ದಾಳೆ, ಹಾಗಾದರೆ ಸುಳ್ಳು ಹೇಳಿದ್ದಾಳೆ ಎಂದು ತೀರ್ಮಾನಿಸಬಾರದು. ತಿಂಗಳು ಕಳೆದರೂ ಇಳಿಯದಿದ್ದರೆ, ಅಥವಾ ಸಾಯುವ ಮಾತು ಬಂದರೆ ಆ ಕ್ಷಣವೇ, ನೆರವು ಪಡೆಯಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಅಲ್ಲಿಗೆ ಹೋಗುವುದೆಂದರೆ ಹುಚ್ಚು ಹಿಡಿದಿದೆಯೆಂದು ಅರ್ಥವಲ್ಲ. ಆಸ್ಪತ್ರೆ, ಪೊಲೀಸ್, ವಕೀಲ, ಸಮಾಲೋಚನೆ, ಕೆಲವು ದಿನದ ಆಶ್ರಯ ಎಲ್ಲವನ್ನೂ ಒಂದೇ ಕಡೆ ಒದಗಿಸಲು ಜಿಲ್ಲೆಗಳಲ್ಲಿ ಸಖಿ ಕೇಂದ್ರಗಳಿವೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ಅಲ್ಲಿಗೆ ಸಂಪರ್ಕ ಸಿಗುತ್ತದೆ. ಆ ಗಳಿಗೆಯಲ್ಲೇ ಅಪಾಯವಿದ್ದರೆ ಮಾತ್ರ ನೇರವಾಗಿ 112.

ಒಬ್ಬ ತಂದೆ, ಬೆಟಗೇರಿ:

ಎಲ್ಲರೂ ಇಷ್ಟು ತಾಳ್ಮೆಯಿಂದ ಬರೆದದ್ದಕ್ಕೆ ಋಣಿ. ನಿನ್ನೆ ರಾತ್ರಿ ಮಗಳಿಗೆ ಫೋನ್ ಮಾಡಿ, ಏನೇ ಆದರೂ ಮೊದಲು ನನಗೆ ಹೇಳಬೇಕು, ನಾನು ಬೈಯುವುದಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಕೋಣೆಯ ಗೆಳತಿಯೊಬ್ಬಳ ವಿಷಯ ತೆಗೆದಳು. ಒಬ್ಬ ಹುಡುಗ ಆಕೆಯ ಫೋಟೊಗಳನ್ನು ಇಟ್ಟುಕೊಂಡು, ಕರೆದಲ್ಲಿಗೆ ಬಾರದಿದ್ದರೆ ಎಲ್ಲರಿಗೂ ಕಳಿಸುತ್ತೇನೆ ಎನ್ನುತ್ತಿದ್ದಾನಂತೆ. ಆ ಹುಡುಗಿ ಅಂಜಿ ಎಲ್ಲ ಸಂದೇಶಗಳನ್ನು ಅಳಿಸಬೇಕೆಂದಿದ್ದಾಳೆ. ಏನು ಹೇಳಲಿ?

ವಕೀಲೆ, ಧಾರವಾಡ:

ಅಳಿಸಬಾರದೆಂದು ಇವತ್ತೇ ಹೇಳಿ ಸರ್. ಬೆದರಿಕೆಯ ಸಂದೇಶಗಳು, ಅವನ ನಂಬರು, ದಿನಾಂಕ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಮೂಲ ಸಂದೇಶಗಳನ್ನೂ ಫೋನಿನಲ್ಲಿ ಹಾಗೆಯೇ ಇಟ್ಟುಕೊಳ್ಳಲಿ. ಅವನು ಕರೆದಲ್ಲಿಗೆ "ಮಾತಾಡಿ ಮುಗಿಸಲು" ಎಂದು ಒಬ್ಬಳೇ ಹೋಗಬಾರದು, ಹಣವನ್ನೂ ಕೊಡಬಾರದು. ಖಾಸಗಿ ಚಿತ್ರವನ್ನು ತೆಗೆಯಲು ಆಕೆ ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧವೇ. ಆದ್ದರಿಂದ "ನಾನೇ ಕಳಿಸಿದ್ದೆ" ಎಂಬ ಅಳುಕಿನಿಂದ ಆಕೆ ಸುಮ್ಮನಾಗಬೇಕಿಲ್ಲ. ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲಿನಲ್ಲಿ ಮಹಿಳೆಯರ ಮತ್ತು ಮಕ್ಕಳ ಪ್ರಕರಣಗಳಿಗೆ ಹೆಸರು ಹೇಳದೆಯೂ ದೂರು ಸಲ್ಲಿಸುವ ಅವಕಾಶವಿದೆ, ಆದರೆ ಬೆದರಿಕೆ ನಡೆಯುತ್ತಿರುವಾಗ ಠಾಣೆಯಲ್ಲಿ ಎಫ್‌ಐಆರ್ ಮಾಡಿಸುವುದೇ ವಾಸಿ. ಆಕೆ ಒಪ್ಪಿದರೆ ಸೋಮವಾರ ಮುಂಜಾನೆ ನಾನೇ ಜೊತೆಗೆ ಬರುತ್ತೇನೆ, ತಮ್ಮ ಮಗಳೂ ಬರಲಿ. ಆಕೆಯ ಮನೆಯವರಿಗೆ ಯಾವಾಗ, ಯಾರು ಹೇಳಬೇಕೆಂಬುದನ್ನು ಆಕೆಯೇ ತೀರ್ಮಾನಿಸಲಿ. ವಯಸ್ಸು ಮಾತ್ರ ಇಂದೇ ಕೇಳಿ ನನಗೆ ಪ್ರತ್ಯೇಕವಾಗಿ ತಿಳಿಸಿ, ಹದಿನೆಂಟಕ್ಕಿಂತ ಕಡಿಮೆಯಿದ್ದರೆ ಸೋಮವಾರದವರೆಗೆ ಕಾಯುವಂತಿಲ್ಲ.